ಮಗಳಿಗೊಂದು ಪತ್ರ: ಎಡಗಾಲಿನ ವಿಚಾರ

ಪುಟ್ಟಿ,

ಐಸ್ ಮೇಲೆ ಕಾರು ಓಡಿಸೋದು ಕಲಿಯೋಕೆ ಹೊರಟಿದ್ದೀನಿ ಅಂತ ನೀನು ಮೊನ್ನೆ ಫೋನಲ್ಲಿ ಹೇಳಿದಾಗ "ಐಸ್ ಮೇಲೆ ಜಾರಾಡೋದು ಕಲಿತು ಟೂರಿಂಗ್ ಕಾರಲ್ಲಿ, ಆ ರಸ್ತೆ ಕಾರುಗಳ ರೇಸಲ್ಲಿ, ಏನು ಕಡಿದು ಹಾಕ್ತೀಯ" ಅಂದುಬಿಟ್ಟೆ. ತಪ್ಪಾಯ್ತು. ಇವಾನ್ ಮುಲ್ಲರ್ ಕಥೆ ಗೊತ್ತಿದ್ದೂ ಹಾಗಂದೆನಲ್ಲ, ನಾಚಿಕೆ ಅದಕ್ಕೇ. ಫ್ರಾನ್ಸಿನ ಅಲ್ಸಾಸಿನ ಆ ಹುಡುಗ ಐಸ್ ಮೇಲಿನ ಕಾರ್ ರೇಸು ಆಂಡ್ರೋಸ್ ಟ್ರೋಫಿಯನ್ನ ಹತ್ತು ಸಲ ಗೆದ್ದವನು. 2003ರಲ್ಲಿ ಬ್ರಿಟಿಷ್ ಟೂರಿಂಗ್ ಕಾರ್ ಪಟ್ಟ. 2008, 2010, 2011, 2013ರಲ್ಲಿ ವಿಶ್ವ ಪಟ್ಟ. ಅವನಿಗಿಂತ ಮೊದಲೇ ರೇಸಿಗಿಳಿದವಳು ಅಕ್ಕ ಕ್ಯಾಥಿ. ಅವಳ ಮಗ ಯಾನ್ ಏರ್ಲಾಶೆ 2020, 2021ರಲ್ಲಿ ಟೂರಿಂಗ್ ಕಾರುಗಳ ವಿಶ್ವ ಕಪ್ಪು ಡಬ್ಲ್ಯುಟಿಸಿಆರ್ ಗೆದ್ದ. ನೀನು ಹೊರಟಿದ್ದಕ್ಕೆ ನಂಗೆ ಹೆಮ್ಮೆ ಇಲ್ಲ ಅಂದ್ಕೋಬೇಡ.

ಸ್ವೆಟರ್, ಮಾತ್ರೆ ಅಮ್ಮ ನೋಡ್ಕೋತಾಳೆ. ನನಗಿರೋ ಭಯ ಬ್ರೇಕಿಂದು ಮಾತ್ರ.

ಐಸ್ ಮೇಲೆ ಮುಂದಿನ ಚಕ್ರ ಲಾಕ್ ಆದ್ರೆ ಸ್ಟೀರಿಂಗ್ ಎಷ್ಟು ತಿರುಗಿಸಿದ್ರೂ ಕಾರು ನೇರ ಹಿಮದ ಗೋಡೆಗೇ. ಪೆಡಲ್ ಬಿಟ್ಟು ಚಕ್ರ ಮತ್ತೆ ಉರುಳಿದ್ರೆ ಮಾತ್ರ ಮೂತಿ ತಿರುಗುತ್ತೆ. ಹೆದರಿದ ಕಾಲು ಬಿಡಲ್ಲ, ಇನ್ನೂ ಒತ್ತುತ್ತೆ. ಫ್ರಂಟ್ ವೀಲ್ ಡ್ರೈವ್ ಕೊಟ್ರೆ ಬಲಗಾಲು ಆಕ್ಸಿಲರೇಟರ್ ಮೇಲೆ ಹಗುರವಾಗಿ ಇರ್ಲಿ, ಎಡಗಾಲಲ್ಲಿ ಬ್ರೇಕ್ ಸವರು. ಎಂಜಿನ್ ಎಳೀತಿರೋದ್ರಿಂದ ಮುಂದಿನ ಚಕ್ರ ಲಾಕ್ ಆಗಲ್ಲ; ಹಿಂದಿನದು ಹಗುರಾಗಿ ಜಾರುತ್ತೆ, ಮೂತಿ ಒಳಗೆ ಬರುತ್ತೆ. ಆಗ ಬ್ರೇಕ್ ಬಿಡು, ಸ್ಟೀರಿಂಗ್ ಜಾರೋ ಕಡೆಗೆ ಬಿಚ್ಚು, ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಮಾಡು. ಗಾಬರಿಲಿ ಆಕ್ಸಿಲರೇಟರ್ ತೆಗೆದ್ಯೋ, ಭಾರ ಮುಂದಕ್ಕೆ ಬಂದು ಹಿಂಭಾಗ ಗಿರ್ರನೆ ತಿರುಗುತ್ತೆ. ಇಷ್ಟು ದಿನ ಕ್ಲಚ್ ತುಳಿದು ಒರಟಾದ ಕಾಲು ನಿನ್ನ ಎಡಗಾಲು, ಮೊದಲ ದಿನ ಧಡಕ್ ಅಂತ ತುಳಿಯುತ್ತೆ. ನಿಧಾನಕ್ಕೆ ಹೋಗೋವಾಗ್ಲೇ ಅಭ್ಯಾಸ ಮಾಡು.

ಟೈರ್ ಸಣ್ಣಗಿದೆ ಅಂತ ನಗಬೇಡ. ಅಗಲ ಕಡಿಮೆ ಇದ್ದಷ್ಟೂ ಟೈರಿಗೆ ಹೊಡೆದ ಒಂದೊಂದು ಮೊಳೆ ಮೇಲೆ ಭಾರ ಹೆಚ್ಚು, ಐಸಿಗೆ ಕಚ್ಚುತ್ತೆ. ಚಕ್ರ ಸುಮ್ನೆ ಗರಗರ ತಿರುಗಿಸಿದ್ರೆ ಮೊಳೆ ಕಿತ್ತು ಬರುತ್ತೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಓಡಿಸಿದ ಲೈನ್ ಗಾಜಿನ ಹಾಗೆ ನುಣುಪಾಗಿರುತ್ತೆ. ಅದನ್ನ ಬಿಟ್ಟು ಒರಟು ಜಾಗ ಹುಡುಕು. ಮತ್ತೆ ಭಾಷಣ ಶುರುವಾಯ್ತು, ಗೊತ್ತು.

ಆ ಮಕಾವ್ ಮಾತ್ರ ನನ್ನ ತಲೆಯಿಂದ ಹೋಗಲ್ಲ ನೋಡು. ಅಲ್ಲಿ 2007ರ ವಿಶ್ವ ಟೂರಿಂಗ್ ಕಾರ್ ಪಟ್ಟದ ಕೊನೆಯ ಸುತ್ತಿನ ಮೊದಲ ರೇಸು, ಮುಲ್ಲರ್ ಮುಂದಿದ್ದ. ಕೊನೇ ಲ್ಯಾಪಲ್ಲಿ ಕಾರು ಕೈಕೊಡ್ತು, ಪಟ್ಟ ಎದುರಾಳಿ ಆಂಡಿ ಪ್ರಿಯೋಗೆ ಹೋಯ್ತು. ಮುಂದಿನ ವರ್ಷ ಡೀಸೆಲ್ ಸಿಯಾಟ್ ಲಿಯೋನಲ್ಲಿ ವಿಶ್ವ ಚಾಂಪಿಯನ್ ಆದ. ಮತ್ತೆ 2018ರಲ್ಲಿ ಅದೇ ಮಕಾವಲ್ಲಿ, 49ನೇ ವಯಸ್ಸಲ್ಲಿ, ಇಟಲಿಯ ಟಾರ್ಕಿನಿ ಎದುರು ಬರೀ 3 ಪಾಯಿಂಟಲ್ಲಿ ಡಬ್ಲ್ಯುಟಿಸಿಆರ್ ಪಟ್ಟ ಸೋತ. ಇದನ್ನ ಯಾಕೆ ಹೇಳ್ತಿದ್ದೀನೋ. ಹೋದ ಸೀಸನ್ ನಿನ್ನ ಕಾರು ನಿಂತಾಗ ನಾನು ಮೊದಲು ಬೈದದ್ದು ನಿನ್ನನ್ನೇ, ಅದಕ್ಕಿರಬೇಕು.

ದಪ್ಪ ಬೂಟ್ ಹಾಕ್ಕೊಂಡು ಕಾರಲ್ಲಿ ಕೂರಬೇಡ, ಪೆಡಲ್ ಕಾಲಿಗೇ ತಿಳಿಯಲ್ಲ. ತೆಳು ಅಟ್ಟೆಯ ರೇಸಿಂಗ್ ಶೂ ತಗೊಂಡು ಹೋಗು. ಬ್ಯಾಗಲ್ಲಿ ಜಾಗ ಸಾಲದಿದ್ರೆ ಚಕ್ಕುಲಿ ಡಬ್ಬ ತೆಗೆದಿಡು, ಅಮ್ಮನಿಗೆ ನಾನು ಹೇಳ್ಕೋತೀನಿ.

ಅಪ್ಪ