ಸ್ಕೂಬಾ ಕಾರ್ಡ್ ಇದ್ದರೆ ಸಮುದ್ರದ ಗುಹೆಗೆ ನುಗ್ಗಬಹುದು ಅಂತ ದಯವಿಟ್ಟು ಬರೆಯಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಸಮುದ್ರದೊಳಗಿನ ಗುಹೆಗಳ ಬಗ್ಗೆ ಬಂದ ಲೇಖನ ಓದಿದೆ. ಫೋಟೋಗಳು ತುಂಬಾ ಚೆನ್ನಾಗಿದ್ದವು. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದ ಆ ನೀಲಿ ಬೆಳಕಿನ ಫೋಟೋವನ್ನು ನನ್ನ ಅಕ್ಕನ ಮಗ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾನೆ. ಅವನು ಕಳೆದ ಡಿಸೆಂಬರಿನಲ್ಲಿ ನೇತ್ರಾಣಿಯಲ್ಲಿ ಓಪನ್ ವಾಟರ್ ಕೋರ್ಸ್ ಮುಗಿಸಿದವನು, ಬರುವ ತಿಂಗಳು ಮಾಲ್ಟಾಕ್ಕೆ ಹೊರಟಿದ್ದಾನೆ. ಲೇಖನದ ಕೊನೆಯಲ್ಲಿ ಒಂದು ಸಾಲಿತ್ತು: ಸ್ಕೂಬಾ ಸರ್ಟಿಫಿಕೇಟ್ ಇರುವ ಯಾರು ಬೇಕಾದರೂ ಈ ಗುಹೆಗಳೊಳಗೆ ಈಜಬಹುದು ಅಂತ. ಈ ಪತ್ರ ಬರೆಯುತ್ತಿರುವುದು ಆ ಒಂದು ಸಾಲಿಗಾಗಿ. ಅದು ತಪ್ಪು. ಪ್ರಾಣ ತೆಗೆಯುವಂಥ ತಪ್ಪು.

ನಾನು ಕುಮಟಾ ಕಡೆಯವನು. ಈಗ ಬೆಂಗಳೂರಿನಲ್ಲಿದ್ದೇನೆ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ಡೈವಿಂಗ್ ಕಲಿತವನೇ ನಾನೂ. ಅಲ್ಲಿ ನಮಗೆ ಕಲಿಸುವುದು ಓಪನ್ ವಾಟರ್, ಅಂದರೆ ತಲೆಯ ಮೇಲೆ ಬರೀ ನೀರು, ಅದರ ಮೇಲೆ ಆಕಾಶ. ಗಾಳಿ ಮುಗಿಯಿತಾ, ಮಾಸ್ಕಿಗೆ ನೀರು ನುಗ್ಗಿತಾ, ಹೆದರಿಕೆ ಆಯಿತಾ, ನಿಧಾನವಾಗಿ ಮೇಲೆ ಬಂದರಾಯಿತು. ಕೋರ್ಸಿನಲ್ಲಿ ಕಲಿಸುವ ಎಲ್ಲಾ ಉಪಾಯಗಳ ಕೊನೆಗೂ ಇರುವುದು ಅದೇ, ಮೇಲಕ್ಕೆ ಬರುವುದು. ಹೊಸಬರಿಗೆ 18 ಮೀಟರ್ ಮಿತಿ ಇಟ್ಟಿರುವುದೂ ಅದೇ ಲೆಕ್ಕದಲ್ಲಿ. ಗುಹೆಯೊಳಗೆ ಈ ಉಪಾಯವೇ ಇಲ್ಲ. ಮೇಲಕ್ಕೆ ಹೋದರೆ ತಲೆಗೆ ಬಂಡೆ ತಾಗುತ್ತದೆ. ಏನೇ ಆಗಲಿ, ಬಂದ ದಾರಿಯಲ್ಲೇ ಅಷ್ಟೂ ದೂರ ಅಡ್ಡಕ್ಕೆ ಈಜಿ ವಾಪಸ್ ಬರಬೇಕು. ಕತ್ತಲೆಯಲ್ಲಿ, ಕೆಲವೊಮ್ಮೆ ಕಣ್ಣೇ ಕಾಣದೆ, ಬೆನ್ನ ಮೇಲಿರುವ ಗಾಳಿಯಷ್ಟರಲ್ಲೇ.

ನನಗಾಗಿದ್ದನ್ನು ಹೇಳುತ್ತೇನೆ. 2019ರಲ್ಲಿ ಮಾಲ್ಟಾದ ಪಕ್ಕದ ಗೋಜೋ ದ್ವೀಪಕ್ಕೆ ಹೋಗಿದ್ದೆ. ಅಲ್ಲಿ ಡ್ವೇರಾ ಅಂತ ಒಂದು ಜಾಗ ಇದೆ. ಹಿಂದೆ ಎಲ್ಲಾ ಕ್ಯಾಲೆಂಡರಿನಲ್ಲೂ ಬರುತ್ತಿದ್ದ ದೊಡ್ಡ ಕಲ್ಲಿನ ಕಮಾನು, ಅಜೂರ್ ವಿಂಡೋ, ಇದ್ದಿದ್ದು ಅಲ್ಲೇ. 2017ರ ಮಾರ್ಚಿನ ಬಿರುಗಾಳಿಗೆ ಅದು ಕುಸಿದು ಸಮುದ್ರಕ್ಕೆ ಬಿತ್ತು. ಅದರ ಪಕ್ಕದಲ್ಲಿ ಬ್ಲೂ ಹೋಲ್, ಬಂಡೆಗಳ ನಡುವೆ ಬಾವಿಯ ಹಾಗೆ ಇರುವ ನೀರು. ಸುಮಾರು 15 ಮೀಟರ್ ಆಳ. ನಡುವೆ ಒಂದು ಕಮಾನು, ಅದರಿಂದ ಹೊರಗೆ ಹೋದರೆ ತೆರೆದ ಸಮುದ್ರ. ಬಾವಿಯ ತಳದಲ್ಲಿ ಒಳಕ್ಕೆ ಒಂದು ದೊಡ್ಡ ಗುಹೆ. ಒಳಗೆ ಹೋಗಿ ಹಿಂತಿರುಗಿ ನೋಡಿದರೆ ಬಾಯಿಯಲ್ಲಿ ಕಾಣುವ ನೀಲಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ನಾವು ಆರು ಜನ, ಒಬ್ಬ ಗೈಡ್. ನನಗೆ ಆಗ ಒಟ್ಟು 23 ಡೈವ್ ಆಗಿದ್ದವು. ಗುಹೆಯ ತರಬೇತಿ ಆಗಿದೆಯಾ ಅಂತ ಡೈವ್ ಶಾಪ್‌ನಲ್ಲಿ ಯಾರೂ ಕೇಳಲಿಲ್ಲ. ನನಗೂ ಅದು ಬೇರೆ ತರಬೇತಿ ಅಂತ ಗೊತ್ತಿರಲಿಲ್ಲ. ಕೈಗೆ ಒಂದೊಂದು ಬಾಡಿಗೆ ಟಾರ್ಚ್ ಕೊಟ್ಟರು. ದಾರಿಗೆ ಹಗ್ಗ ಕಟ್ಟಲಿಲ್ಲ, ಬಾಯಿ ಕಾಣುತ್ತಿರುತ್ತದೆ ಬಿಡಿ, ಏನೂ ತೊಂದರೆ ಇಲ್ಲ ಅಂದರು. ಒಳಗೆ ಹೋದೆವು, ತಿರುಗಿದೆವು, ಆ ನೀಲಿಯನ್ನು ನೋಡಿದೆವು. ಅಷ್ಟರಲ್ಲಿ ನನ್ನ ಮುಂದಿದ್ದವರೊಬ್ಬರು ಫೋಟೋ ತೆಗೆಯಲು ಹೋಗಿ ಸ್ವಲ್ಪ ಕೆಳಗಿಳಿದರು, ಎರಡು ಸಲ ಜೋರಾಗಿ ಕಾಲಿನ ಫಿನ್ಸ್ ಬಡಿದರು, ಅಷ್ಟೇ. ತಳದ ಹೂಳು ಎದ್ದಿತು. ಮಳೆಗಾಲದಲ್ಲಿ ಕೆರೆಗೆ ಎಮ್ಮೆ ಇಳಿದಾಗ ಏಳುವ ರಾಡಿ ನೋಡಿದ್ದೀರಲ್ಲ, ಅದರ ಒಳಗೆ ತಲೆ ಇಟ್ಟ ಹಾಗೆ. ಟಾರ್ಚ್ ಹಾಕಿದರೆ ಇನ್ನೂ ಕಷ್ಟ, ಮಂಜಿನಲ್ಲಿ ಹೈಬೀಮ್ ಹಾಕಿದಂತೆ ಬೆಳಕು ಮುಖಕ್ಕೇ ವಾಪಸ್ ಬರುತ್ತದೆ. ನೀಲಿ ಹೋಯಿತು. ಬಾಯಿ ಎಲ್ಲಿ, ಗೋಡೆ ಎಲ್ಲಿ, ಒಂದೂ ತಿಳಿಯಲಿಲ್ಲ. ಮೇಲೆ ಯಾವುದು ಕೆಳಗೆ ಯಾವುದು ಅನ್ನುವುದೂ ಒಂದು ಕ್ಷಣ ತಪ್ಪಿತು. ಅರ್ಧ ನಿಮಿಷ ಇರಬಹುದು. ಆಮೇಲೆ ಗೈಡ್‌ನ ಕೈ ನನ್ನ ಸಿಲಿಂಡರಿಗೆ ತಾಗಿತು, ಅವರು ಎಳೆದುಕೊಂಡು ಹೊರಗೆ ತಂದರು. ಹೊರಗೆ ಬಂದು ಗೇಜ್ ನೋಡಿದರೆ, ಆ ಸ್ವಲ್ಪ ಹೊತ್ತಿನಲ್ಲಿ ನಾನು ಎಷ್ಟು ಗಾಳಿ ಎಳೆದುಬಿಟ್ಟಿದ್ದೆ ಅಂದರೆ, ಅವತ್ತು ರಾತ್ರಿ ಊಟ ಸೇರಲಿಲ್ಲ.

ಗಾಳಿಯ ಲೆಕ್ಕ ಹೇಳಲೇಬೇಕು, ಏಕೆಂದರೆ ಅದು ಗೊತ್ತಿದ್ದರೆ ಯಾರೂ ಸುಮ್ನೆ ಒಳಗೆ ನುಗ್ಗುವುದಿಲ್ಲ. ಸಾಮಾನ್ಯ ಸಿಲಿಂಡರ್ 12 ಲೀಟರಿನದು, 200 ಬಾರ್ ಒತ್ತಡಕ್ಕೆ ತುಂಬುತ್ತಾರೆ. ಅಂದರೆ 2,400 ಲೀಟರ್ ಗಾಳಿ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಅದು ಎರಡು ಗಂಟೆ ಬರುತ್ತದೆ. ಆದರೆ ಪ್ರತಿ 10 ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡ ಜಾಸ್ತಿ ಆಗುತ್ತದೆ, ಒತ್ತಡ ಎಷ್ಟು ಪಟ್ಟು ಏರಿತೋ ಒಂದೊಂದು ಉಸಿರಿಗೂ ಅಷ್ಟು ಪಟ್ಟು ಗಾಳಿ ಬೇಕು. 37 ಮೀಟರ್ ಆಳದಲ್ಲಿ ಅದೇ ಮನುಷ್ಯ ನಿಮಿಷಕ್ಕೆ 94 ಲೀಟರ್ ಖಾಲಿ ಮಾಡುತ್ತಾನೆ. ಎರಡು ಗಂಟೆಯ ಗಾಳಿ 25 ನಿಮಿಷಕ್ಕೆ ಮುಗಿಯಿತು. ಗುಹೆ ಡೈವರ್‌ಗಳು ಇದನ್ನು ಮೂರು ಪಾಲು ಮಾಡುತ್ತಾರೆ. ಒಂದು ಪಾಲು ಒಳಗೆ ಹೋಗಲು, ಒಂದು ಹೊರಗೆ ಬರಲು, ಇನ್ನೊಂದು ಜೊತೆಗಾರನ ಗಾಳಿ ಕೈಕೊಟ್ಟರೆ ಅವನಿಗೆ. ಹಾಗಾದರೆ ಒಳಗೆ ಹೋಗಲು ಸಿಗುವುದು ಎಂಟೂವರೆ ನಿಮಿಷ ಮಾತ್ರ. ಇನ್ನು ಹೆದರಿದಾಗ ಉಸಿರು ಎರಡು ಪಟ್ಟು ಆದರೆ, ಉಳಿದ ಎರಡು ಪಾಲೂ ಸೇರಿ ಬರುವುದು ಅದೇ ಎಂಟೂವರೆ ನಿಮಿಷ. ಒಳಗೆ ಹೋಗಲು ಹಿಡಿದಷ್ಟೇ ಸಮಯ, ಅದೂ ದಾರಿ ಸರಿಯಾಗಿ ಸಿಕ್ಕಿದರೆ, ಜೊತೆಗಾರನಿಗೆ ಒಂದು ಉಸಿರನ್ನೂ ಕೊಡದೆ ಇದ್ದರೆ.

37 ಮೀಟರ್ ಅಂತ ನಾನು ಸುಮ್ನೆ ಆರಿಸಿಕೊಂಡಿದ್ದಲ್ಲ. ಫ್ರಾನ್ಸಿನ ಮಾರ್ಸೇ ಹತ್ತಿರ, ಮೊರ್ಜಿಯು ಭೂಶಿರದ ಕೆಳಗೆ, ಅಷ್ಟು ಆಳದಲ್ಲಿ ಒಂದು ಗುಹೆಯ ಬಾಯಿ ಇದೆ. 1985ರಲ್ಲಿ ಆನ್ರಿ ಕೊಸ್ಕೇರ್ ಅನ್ನುವ ಡೈವರ್ ಅದನ್ನು ಕಂಡುಹಿಡಿದರು. ಅದು ಕೆಳಗಿನಿಂದ ಮೇಲಕ್ಕೆ ಏರುವ ಕಿರಿದಾದ ಸುರಂಗ, ನೂರು ಮೀಟರಿಗೂ ಜಾಸ್ತಿ ಉದ್ದ. ಅದನ್ನು ದಾಟಿದರೆ ಒಣ ಕೋಣೆ. ಅಲ್ಲಿನ ಗೋಡೆಗಳ ಮೇಲೆ ಸುಮಾರು 27,000 ವರ್ಷ ಹಳೆಯ ಕೈಗುರುತುಗಳಿವೆ. ಅದಕ್ಕಿಂತ ಈಚಿನ, ಸುಮಾರು 19,000 ವರ್ಷ ಹಳೆಯ ಕುದುರೆ, ಕಾಡೆಮ್ಮೆ, ಸೀಲ್‌ಗಳ ಚಿತ್ರಗಳಿವೆ. ಈಗ ಭೂಮಿಯ ಮೇಲೇ ಇಲ್ಲದ, ಪೆಂಗ್ವಿನ್ ಹಾಗೆ ಕಾಣುವ ಗ್ರೇಟ್ ಆಕ್ ಹಕ್ಕಿಗಳೂ ಇವೆ. ಹಿಮಯುಗದಲ್ಲಿ ಸಮುದ್ರ ಇವತ್ತಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಆ ಚಿತ್ರ ಬರೆದವರು ನಡೆದುಕೊಂಡೇ ಒಳಗೆ ಹೋಗಿದ್ದರು! ಹಿಮ ಕರಗಿ ನೀರು ಏರಿ ಬಾಗಿಲು ಮುಚ್ಚಿತು, ಒಳಗಿನ ಕೈಗುರುತು ಹಾಗೇ ಉಳಿಯಿತು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಇಂಥ ಜಾಗ ನೋಡಬೇಕು ಅಂತ ಯಾರಿಗೆ ಆಸೆ ಆಗುವುದಿಲ್ಲ ಹೇಳಿ.

ಆದರೆ ಜಗತ್ತಿಗೆ ಅದು ಗೊತ್ತಾಗಿದ್ದು ಹೇಗೆ ಅಂತಲೂ ಬರೆಯಬೇಕು ಅಲ್ವಾ. 1991ರ ಸೆಪ್ಟೆಂಬರ್ 1ರಂದು ಗ್ರೆನೋಬಲ್ ಕಡೆಯ ಮೂವರು ಡೈವರ್‌ಗಳು ಆ ಸುರಂಗದಲ್ಲಿ ದಾರಿ ತಪ್ಪಿ ಸತ್ತರು. ಅದಾದ ಮೇಲೆಯೇ ಕೊಸ್ಕೇರ್ ಗುಹೆಯ ವಿಷಯವನ್ನು ಸರ್ಕಾರಕ್ಕೆ ತಿಳಿಸಿದ್ದು. ಬಾಯಿಯನ್ನು ಮುಚ್ಚಿಸಿದರು. ಈಗ ಚಿತ್ರ ನೋಡಬೇಕು ಅನ್ನುವವರಿಗೆ ಮಾರ್ಸೇ ಊರಿನಲ್ಲೇ 2022ರಲ್ಲಿ ಅದರ ಪ್ರತಿಕೃತಿ ತೆರೆದಿದ್ದಾರೆ, ಒದ್ದೆಯಾಗದೆ ನೋಡಿ ಬರಬಹುದು.

ಸತ್ತವರು ಹೊಸಬರಿರಬೇಕು, ಅನುಭವ ಇದ್ದರೆ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ಸ್ಪೇನಿನ ಮಯೋರ್ಕಾ ದ್ವೀಪದ ಶಿಸ್ಕೊ ಗ್ರಾಸಿಯಾ ಹೊಸಬರಲ್ಲ. ಭೂವಿಜ್ಞಾನದ ಮೇಷ್ಟ್ರು, ಅಲ್ಲಿನ ಕರಾವಳಿಯ ಮುಳುಗಿದ ಗುಹೆಗಳನ್ನು ವರ್ಷಗಟ್ಟಲೆ ಅಳೆದು ನಕ್ಷೆ ಮಾಡಿದವರು. 2017ರ ಏಪ್ರಿಲ್‌ನಲ್ಲಿ ಸಾ ಪಿಕೇತಾ ಗುಹೆಯಲ್ಲಿ ಅವರ ದಾರಿಯ ಹಗ್ಗ ತುಂಡಾಯಿತು, ಹೂಳೆದ್ದು ಏನೂ ಕಾಣದಾಯಿತು. ಹಗ್ಗ ಹುಡುಕುವುದರಲ್ಲೇ ಗಾಳಿ ಕರಗಿತು. ಉಳಿದ ಗಾಳಿ ಒಬ್ಬರಿಗೆ ಮಾತ್ರ ಸಾಕಾಗುತ್ತಿತ್ತು. ಜೊತೆಗಾರ ಅದನ್ನು ತೆಗೆದುಕೊಂಡು ಸಹಾಯ ಕರೆಯಲು ಹೊರಟರು. ಇವರು ಗುಹೆಯೊಳಗೆ ಗಾಳಿ ನಿಂತಿದ್ದ ಒಂದು ಕೋಣೆಯಲ್ಲಿ ಕೂತರು. ಕತ್ತಲೆಯಲ್ಲಿ, ಸುಮಾರು 60 ಗಂಟೆ. ಅಲ್ಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ 5ರಷ್ಟಿತ್ತು. ನಾವು ಉಸಿರಾಡುವ ಗಾಳಿಯಲ್ಲಿ ಇರುವುದು 0.04. ತಲೆ ಸಿಡಿಯುತ್ತಿತ್ತು, ಇಲ್ಲದ ಬೆಳಕು ಕಣ್ಣಿಗೆ ಕಾಣುತ್ತಿತ್ತಂತೆ. ಮೇಲ್ಪದರದ ನೀರು ಕುಡಿಯುವಂತಿದ್ದಿದ್ದರಿಂದ ಬದುಕಿದರು. ಹೂಳು ಇಳಿಯದೆ, ಹೋದ ರಕ್ಷಕರಿಗೂ ಮೊದಲು ದಾರಿ ಕಾಣಲಿಲ್ಲ. ಅಷ್ಟು ತಿಳಿದವರಿಗೆ, ಹಗ್ಗ ಕಟ್ಟಿಕೊಂಡು ಹೋದವರಿಗೇ ಹೀಗಾದರೆ, ಬಾಡಿಗೆ ಟಾರ್ಚ್ ಹಿಡಿದು ಹೋದ ನಮ್ಮ ಗತಿ ಏನು?

2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಹುಡುಗರು ಮತ್ತು ಅವರ ಕೋಚ್ ಸಿಕ್ಕಿಕೊಂಡಾಗ ನಾವೆಲ್ಲ ಟಿವಿ ಮುಂದೆ ಕೂತಿದ್ದೆವು. ಅದು ಸಮುದ್ರದ ಗುಹೆಯಲ್ಲ, ಮಳೆ ನೀರು ತುಂಬಿದ್ದು. ಆದರೂ ಗಾಳಿಯ ಸಿಲಿಂಡರ್ ಇಟ್ಟು ವಾಪಸ್ ಬರುವಾಗ ಸತ್ತ ಸಮನ್ ಕುನನ್ ಥಾಯ್ ನೌಕಾಪಡೆಯ ಸೀಲ್ ಅನ್ನುವ ವಿಶೇಷ ದಳದಲ್ಲಿ ಇದ್ದವರು. ಇದನ್ನು ಮರೆಯಬಾರದು.

ಗುಹೆಗೆ ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಹೋಗಲು ದಾರಿ ಇದೆ, ಅದಕ್ಕೇ ಅಂತ ಕೋರ್ಸ್‌ಗಳಿವೆ. ಮೊದಲು ಕ್ಯಾವರ್ನ್ ಕೋರ್ಸ್, ಅಂದರೆ ಬಾಯಿಯ ಹಗಲು ಬೆಳಕು ಕಾಣುವಷ್ಟು ದೂರ ಮಾತ್ರ. ಅದಾದ ಮೇಲೆ ಬೆಳಕಿನಾಚೆಗಿನ ಗುಹೆಯ ಕೋರ್ಸ್. ಅಮೆರಿಕದ ಶೆಕ್ ಎಕ್ಸ್‌ಲಿ ಅನ್ನುವವರು ಸತ್ತ ಡೈವರ್‌ಗಳ ಪ್ರಕರಣಗಳನ್ನು ಒಂದೊಂದಾಗಿ ನೋಡಿ 1979ರಲ್ಲೇ ಬರೆದಿಟ್ಟಿದ್ದಾರೆ: ಹೊರಗಿನವರೆಗೂ ತುಂಡಾಗದ ಹಗ್ಗ ಇರಬೇಕು, ಗಾಳಿ ಮೂರು ಪಾಲು ಆಗಬೇಕು, ಆಳದ ಮಿತಿ ಮೀರಬಾರದು. ಆಮೇಲೆ ತರಬೇತಿ ಮತ್ತು ಒಬ್ಬೊಬ್ಬರಿಗೆ ಮೂರು ಟಾರ್ಚ್ ಅನ್ನುವುದೂ ಸೇರಿತು. ಗೋಜೋದಲ್ಲಿ ಅವತ್ತು ನನ್ನ ಹತ್ತಿರ ಇವುಗಳಲ್ಲಿ ಎಷ್ಟಿದ್ದವು ಅಂತ ಎಣಿಸಿ ನೋಡಿದೆ. ಆಳ ಒಂದು ಸರಿ ಇತ್ತು.

ಕಾಲು ಬಡಿಯುವುದನ್ನೇ ಅಲ್ಲಿ ಹೊಸದಾಗಿ ಕಲಿಸುತ್ತಾರೆ. ನಾವು ನೇತ್ರಾಣಿಯಲ್ಲಿ ಕಲಿತಿದ್ದು ಮೇಲೆ ಕೆಳಗೆ ಬಡಿಯುವುದು, ಅದು ತಳದ ಹೂಳನ್ನು ನೇರವಾಗಿ ಎಬ್ಬಿಸುತ್ತದೆ. ಗುಹೆಯಲ್ಲಿ ಮಂಡಿ ಮಡಚಿ ಕಪ್ಪೆಯ ಹಾಗೆ ಪಕ್ಕಕ್ಕೆ ತಳ್ಳಬೇಕು. ಕಣ್ಣು ಕಟ್ಟಿಕೊಂಡು ಹಗ್ಗ ಸವರುತ್ತಾ ಹೊರಗೆ ಬರುವುದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಬಿಟ್ಟ ಗುಳ್ಳೆಗಳು ಚಾವಣಿಗೆ ತಾಗಿ ಅಲ್ಲಿಂದಲೂ ಮಣ್ಣು ಉದುರುತ್ತದೆ. ಸಮುದ್ರದ ಗುಹೆಯಾದರೆ ಹೊರಗಿನ ಅಲೆ ಒಳಗೂ ಎಳೆದಾಡುತ್ತದೆ, ಇರುಕು ಜಾಗದಲ್ಲಿ ಆ ಸೆಳೆತ ಇನ್ನೂ ಜಾಸ್ತಿ. ನಾಲ್ಕು ದಿನದ ಓಪನ್ ವಾಟರ್ ಕೋರ್ಸಿನಲ್ಲಿ ಇದರಲ್ಲಿ ಒಂದನ್ನೂ ಕಲಿಸುವುದಿಲ್ಲ. ಕಲಿಸಬೇಕಾಗಿಯೂ ಇಲ್ಲ, ಅದು ಬೇರೆ ನೀರಿಗೆ.

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅಂತ ನಮ್ಮಲ್ಲಿ ಹೇಳುತ್ತಾರೆ. ದುಡ್ಡು ಕೊಟ್ಟಾಗಿದೆ, ಅಷ್ಟು ದೂರ ಬಂದಾಗಿದೆ, ಉಳಿದವರೆಲ್ಲ ಒಳಗೆ ಹೋಗುತ್ತಿದ್ದಾರೆ, ನಾನೊಬ್ಬನೇ ಹೇಗೆ ಬೇಡ ಅನ್ನಲಿ. ಅವತ್ತು ನನ್ನ ತಲೆಯಲ್ಲಿದ್ದಿದ್ದೂ ಇದೇ. ಆದರೆ ಯಾವ ಡೈವರ್ ಆದರೂ ಯಾವಾಗ ಬೇಕಾದರೂ, ಕಾರಣ ಹೇಳದೆ, ಹೆಬ್ಬೆರಳು ಮೇಲೆತ್ತಿ ಡೈವ್ ಮುಗಿಸಬಹುದು. ಯಾರೂ ಏನೂ ಕೇಳುವಂತಿಲ್ಲ. ಇದನ್ನು ನೇತ್ರಾಣಿಯಲ್ಲೂ ಕಲಿಸುತ್ತಾರೆ. ಕಲಿತಿದ್ದನ್ನು ಬಳಸಲು ನನಗೆ ಸಂಕೋಚ ಆಯಿತು. ಅಕ್ಕನ ಮಗನಿಗೆ ಆ ಸಂಕೋಚ ಬೇಡ.

ನಮ್ಮ ಕರಾವಳಿಯಲ್ಲಿ ಕಲಿತು ಥಾಯ್ಲೆಂಡ್, ಬಾಲಿ, ಮಾಲ್ಡೀವ್ಸ್, ಮಾಲ್ಟಾ ಅಂತ ಹೋಗುವ ಹುಡುಗರು ಹುಡುಗಿಯರು ಈಗ ಎಷ್ಟೋ ಜನ. ಅವರಲ್ಲಿ ಎಷ್ಟೋ ಜನರ ಮನೆಗಳಿಗೆ ನಿಮ್ಮ ಪತ್ರಿಕೆ ಹೋಗುತ್ತದೆ. ಅಪ್ಪ ಅಮ್ಮ ಡೈವಿಂಗ್ ಗೊತ್ತಿಲ್ಲದವರು, ಪೇಪರಿನಲ್ಲಿ ಬಂದಿದೆ ಅಂದರೆ ನಂಬುತ್ತಾರೆ. ಹಾಗಾಗಿ ನನ್ನದು ಒಂದೇ ಕೋರಿಕೆ. ಆ ಸಾಲನ್ನು ತಿದ್ದಿ ಹಾಕಿ. ದೊಡ್ಡದಾಗಿ ಬೇಡ, ಪುರವಣಿಯ ಮೂಲೆಯಲ್ಲಿ ಇಷ್ಟಿದ್ದರೆ ಸಾಕು: ಓಪನ್ ವಾಟರ್ ಕಾರ್ಡ್ ಗುಹೆಗೆ ಪರವಾನಗಿ ಅಲ್ಲ, ಗುಹೆಯ ತರಬೇತಿ ಆಗಿರದಿದ್ದರೆ ಬಾಯಿಯ ಹೊರಗೇ ನಿಲ್ಲಿ.

ಮುಂದಿನ ಭಾನುವಾರವೇ ಹಾಕಿದರೆ ತುಂಬಾ ಉಪಕಾರ. ನಾನು ಹೇಳಿದರೆ ಅಕ್ಕನ ಮಗ, ಮಾವನಿಗೆ ವಯಸ್ಸಾಯಿತು ಅಂತಾನೆ. ಪೇಪರಿನಲ್ಲಿ ಬಂದಿದ್ದನ್ನು ಕತ್ತರಿಸಿ, ಫ್ರಿಜ್ಜಿನ ಮೇಲೆ ಆ ಫೋಟೋದ ಪಕ್ಕದಲ್ಲೇ ಅಂಟಿಸುತ್ತೇನೆ. 20ನೇ ತಾರೀಕು ಅವನ ವಿಮಾನ.

ಇತಿ,
ನಿಮ್ಮ ಓದುಗ, ಬೆಂಗಳೂರು