ಮಂಜು, ಬುಕ್ ಮಾಡುವ ಮುಂಚೆ ಇಷ್ಟು ಕೇಳು

ಪ್ರೀತಿಯ ಮಂಜು,

ನೀನು ಕಳಿಸಿದ ಎರಡೂ ಹೋಟೆಲಿನ ಫೋಟೊ ನೋಡಿದೆ. ಯಾವುದು ಚೆನ್ನಾಗಿದೆ ಹೇಳು ಅಂದಿದ್ದೀಯ. ಸ್ವಿಟ್ಜರ್ಲೆಂಡಿನಲ್ಲಿ ಯಾವ ಬೆಟ್ಟದ ಹೋಟೆಲಿನ ಫೋಟೊ ಚೆನ್ನಾಗಿರುವುದಿಲ್ಲ ಮಾರಾಯ? ಮರದ ಬಾಲ್ಕನಿ, ಕೆಂಪು ಹೂವಿನ ಕುಂಡ, ಹಿಂದೆ ಹಿಮದ ಬೆಟ್ಟ. ಸ್ಟೇಷನ್ನಿಂದ ಆ ಬಾಲ್ಕನಿವರೆಗೆ ಇರುವ ಏರು ಮಾತ್ರ ಯಾವ ಫೋಟೊದಲ್ಲೂ ಕಾಣುವುದಿಲ್ಲ. ನಿನ್ನ ಜೊತೆ ಅಮ್ಮ ಬರುತ್ತಿದ್ದಾರೆ. ಅವರ ಮಂಡಿ ನೋವು ನನಗೂ ಗೊತ್ತು.

ನಮ್ಮ ಕತೆ ಕೇಳು. ಇಲ್ಲಿಗೆ ಬಂದ ಮೊದಲ ವರ್ಷ ನಾವೂ ಹೀಗೇ ಒಂದು ಬೆಟ್ಟದ ಹೋಟೆಲ್ ಬುಕ್ ಮಾಡಿದ್ದೆವು. ಸ್ಟೇಷನ್ನಿಂದ 10 ನಿಮಿಷ ನಡಿಗೆ ಅಂತ ಬರೆದಿದ್ದರು. ಸುಳ್ಳಲ್ಲ, ಅವರ ಕಾಲಿಗೆ ಹತ್ತೇ ನಿಮಿಷ. ನಮಗೆ ಸಿಕ್ಕಿದ್ದು ಜಲ್ಲಿ ಹಾಸಿದ ಕಡಿದಾದ ಕಾಲುದಾರಿ. ದೊಡ್ಡ ಸೂಟ್‌ಕೇಸು ನನ್ನ ಪಾಲಿಗೆ. ಮೊದಲ ತಿರುವಿನಲ್ಲೇ ಒಂದು ಚಕ್ರದೊಳಗೆ ಕಲ್ಲು ಸಿಕ್ಕಿಕೊಂಡಿತು, ಎರಡನೇ ತಿರುವಿನಲ್ಲಿ ಚಕ್ರವೇ ಕಿತ್ತು ಬಂತು. ಅದನ್ನು ಜೇಬಿಗೆ ಹಾಕಿಕೊಂಡು ಸೂಟ್‌ಕೇಸನ್ನು ಅಕ್ಕಿ ಮೂಟೆ ಹೊತ್ತ ಹಾಗೆ ಹೆಗಲಿಗೇರಿಸಿದೆ. ಮೇಲೆ ಹೋಗಿ ಮುಟ್ಟುವಷ್ಟರಲ್ಲಿ ಎಂಟೂವರೆ. ಅಡುಗೆಮನೆ ಮುಚ್ಚಿ ಅರ್ಧ ಗಂಟೆಯಾಗಿತ್ತು. ರಾತ್ರಿ ಊಟದ ದುಡ್ಡು ಮೊದಲೇ ಕಟ್ಟಿದ್ದೆವು. ಪಾಪ, ಒಂದು ತಟ್ಟೆ ಬ್ರೆಡ್ಡು, ಚೀಸು ತಂದುಕೊಟ್ಟರು. ಅದರ ಮೇಲೆ ಚಟ್ನಿಪುಡಿ ಉದುರಿಸಿಕೊಂಡು ತಿಂದೆವು. ನಾವು ಎಷ್ಟು ಹೊತ್ತಿಗೆ ಬರುತ್ತೇವೆ ಅಂತ ಮೊದಲೇ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಅದಕ್ಕೇ ಹೇಳುತ್ತಿರುವುದು. ಬುಕ್ ಮಾಡುವ ಮುಂಚೆ ಅವರಿಗೊಂದು ಮೇಲ್ ಹಾಕು. ಇಂಗ್ಲಿಷಿನಲ್ಲೇ ಬರಿ, ಸಂಕೋಚ ಬೇಡ.

ಮೊದಲು ತಾರೀಖು. ಮಕ್ಕಳ ರಜೆ ನೋಡಿಕೊಂಡು ಮೇ ಅಂದಿದ್ದೀಯ. ನಮಗೆ ಮೇ ಅಂದರೆ ಬೇಸಿಗೆ, ಇಲ್ಲಿನ ಬೆಟ್ಟಕ್ಕೆ ಅದು ಎರಡು ಸೀಸನ್ನಿನ ನಡುವಿನ ಬಿಡುವು. ಸ್ಕೀಯಿಂಗ್‌ನವರು ಹೋಗಿರುತ್ತಾರೆ, ಬೇಸಿಗೆಯವರು ಬಂದಿರುವುದಿಲ್ಲ. ಎಷ್ಟೋ ಹೋಟೆಲ್ ಮುಚ್ಚಿರುತ್ತವೆ, ಕೆಲವು ಕೇಬಲ್ ಕಾರುಗಳನ್ನು ರಿಪೇರಿಗೆ ನಿಲ್ಲಿಸಿರುತ್ತಾರೆ. 2,000 ಮೀಟರ್ ದಾಟಿದರೆ ದಾರಿ ಮೇಲೆ ಇನ್ನೂ ಹಿಮ ಇರುತ್ತದೆ. ಹೋಟೆಲ್ ತೆರೆದಿದೆಯಾ ಅನ್ನುವುದರ ಜೊತೆ, ಆ ದಿನ ಯಾವ ರೈಲು, ಯಾವ ಕೇಬಲ್ ಕಾರು ಓಡುತ್ತವೆ ಅಂತಲೂ ಕೇಳು. ಮಕ್ಕಳಿಗೆ ಸ್ಕೂಲು ಒಂದು ವಾರ ತಪ್ಪಿದರೂ ಪರವಾಗಿಲ್ಲ ಅನ್ನುವುದಾದರೆ ಜೂನ್ ಎರಡನೇ ವಾರ ಬಾ. ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ.

ಇನ್ನು ಎರಡು ಹೋಟೆಲಲ್ಲಿ ಯಾವುದು ಅಂತ. ಒಂದು ಹೋಟೆಲ್ ಇರುವ ಕ್ಲೈನೆ ಶೈಡೆಗ್ 2,061 ಮೀಟರ್ ಎತ್ತರದಲ್ಲಿದೆ. ಐಗರ್ ಬೆಟ್ಟದ ಕಪ್ಪು ಗೋಡೆ ತಲೆ ಮೇಲೇ ನಿಂತ ಹಾಗಿರುತ್ತದೆ. ಆದರೆ ಅದು ಊರಲ್ಲ. ಒಂದು ರೈಲ್ವೆ ಸ್ಟೇಷನ್, ನಾಲ್ಕಾರು ಕಟ್ಟಡ, ಅಷ್ಟೇ. ಸಂಜೆ ಕೊನೇ ರೈಲು ಬೇಗ ಹೋಗಿಬಿಡುತ್ತದೆ. ಆಮೇಲೆ ಬೆಳಗಾಗುವವರೆಗೆ ಅಲ್ಲೇ. ನೀನೂ ನಾನೂ ಆದರೆ ಅದನ್ನೇ ಹಿಡಿ ಅನ್ನುತ್ತಿದ್ದೆ. ಅಮ್ಮ ಇರುವಾಗ ಬೇಡ. ಇನ್ನೊಂದು ಹೋಟೆಲ್ ಇರುವ ವೆಂಗೆನ್ ಊರು 1,274 ಮೀಟರ್. ಅಲ್ಲಿಗೂ ಕಾರು ಹೋಗುವುದಿಲ್ಲ, ಆದರೆ ಕೆಳಗಿನ ಲೌಟರ್‌ಬ್ರುನ್ನೆನ್‌ನಿಂದ ಏರಿನಲ್ಲಿ ಜಾರದಂತೆ ಹಲ್ಲುಗಳಿರುವ ಹಳಿಯ ರೈಲಿನಲ್ಲಿ 15 ನಿಮಿಷದೊಳಗೆ ಮೇಲಿರುತ್ತೀಯ. ಸ್ಟೇಷನ್ ಹತ್ತಿರವೇ ಅಂಗಡಿ. ನೀನು ತಗೊಳ್ಳುವ ಸ್ವಿಸ್ ಟ್ರಾವೆಲ್ ಪಾಸ್, ಅಂದರೆ ಇಲ್ಲಿನ ರೈಲು ಬಸ್ಸುಗಳಿಗೆಲ್ಲ ಒಂದೇ ಟಿಕೆಟ್ಟು, ಅದು ಕೂಡ ವೆಂಗೆನ್‌ವರೆಗೆ ಪೂರ್ತಿ ನಡೆಯುತ್ತದೆ. ಅಲ್ಲಿಂದ ಮೇಲಕ್ಕೆ ರಿಯಾಯಿತಿ ಮಾತ್ರ. ಶೈಡೆಗ್‌ನಲ್ಲಿ ಉಳಿದರೆ ಪ್ರತಿ ಸಲ ಇಳಿದು ಹತ್ತುವುದಕ್ಕೂ ದುಡ್ಡು.

ವೆಂಗೆನ್ ಅಂತಾದರೆ ಹೀಗೆ ಕೇಳು: ಸ್ಟೇಷನ್ನಿಂದ ದಾರಿ ಏರಾ, ಮಟ್ಟಸಾನಾ? ಲಗೇಜಿಗೆ ನಿಮ್ಮ ಎಲೆಕ್ಟ್ರಿಕ್ ಗಾಡಿ ಬರುತ್ತದಾ? ಅದರಲ್ಲಿ ವಯಸ್ಸಾದವರನ್ನೂ ಕೂರಿಸಿಕೊಳ್ಳುತ್ತೀರಾ? ಲಿಫ್ಟ್ ಇದೆಯಾ ಅಂತ ಸುಮ್ನೆ ಕೇಳಿದರೆ ಸಾಲದು. ಹಳೇ ಕಟ್ಟಡಗಳಲ್ಲಿ ಎಂಟು ಮೆಟ್ಟಿಲು ಹತ್ತಿದ ಮೇಲೆ ಲಿಫ್ಟ್ ಶುರುವಾಗುವುದುಂಟು. ಬಾಗಿಲಿಂದ ರೂಮಿನವರೆಗೆ ಒಟ್ಟು ಎಷ್ಟು ಮೆಟ್ಟಿಲು ಅಂತ ಕೇಳು.

ಬಚ್ಚಲುಮನೆ ವಿಷಯ. ನಾಚಿಕೆ ಬಿಟ್ಟು ಕೇಳಬೇಕಾದ್ದು ಇದೇ. ರೂಮಿನೊಳಗೇ ಇದೆಯಾ, ರೂಮಿನ ಹೊರಗೆ ಎಲ್ಲರಿಗೂ ಸೇರಿ ಒಂದಾ? ಕಡಿಮೆ ರೇಟು ಕಂಡರೆ ಎರಡನೆಯದೇ ಇರಬಹುದು. ಸ್ನಾನಕ್ಕೆ ಟಬ್ ಇದ್ದರೆ ಅಮ್ಮ ಅಷ್ಟು ಎತ್ತರ ಕಾಲೆತ್ತಿ ಇಳಿಯಬೇಕು. ನೆಲಮಟ್ಟದ ಶವರ್ ಇರುವ ರೂಮೇ ಬೇಕು ಅಂತ ಬರಿ. ಒಂದು ಪ್ಲಾಸ್ಟಿಕ್ ಚೊಂಬು ತಗೊಂಡು ಬಾ, ಇಲ್ಲಿ ಟಾಯ್ಲೆಟ್ಟಿನಲ್ಲಿ ಕಾಗದ ಬಿಟ್ಟರೆ ಬೇರೇನೂ ಇರುವುದಿಲ್ಲ. ಹಾಗಂತ ನೆಲಕ್ಕೆ ನೀರು ಹುಯ್ಯಬೇಡಿ. ಶವರ್ ಬಿಟ್ಟು ಹೊರಗಡೆ ನೀರು ಹೋಗುವ ತೂತೇ ಇರುವುದಿಲ್ಲ.

ಊಟಕ್ಕೆ "ಹಾಫ್ ಬೋರ್ಡ್" ಅಂತ ಕಂಡರೆ ತಿಂಡಿ, ರಾತ್ರಿಯೂಟ ಸೇರಿದೆ ಅಂತ ಅರ್ಥ. ರಾತ್ರಿಯೂಟ ಅಂದರೆ ನಮ್ಮ ಒಂಬತ್ತು ಗಂಟೆಯದ್ದಲ್ಲ, ಆರೂವರೆ ಏಳಕ್ಕೇ ಕೂರಬೇಕು. ಸಸ್ಯಾಹಾರಿ ಅಂತ ಹೇಳಿದರೆ ಸಾಲದು, ಬಿಡಿಸಿ ಬರಿ. ಆಲೂಗಡ್ಡೆಯ ರೋಸ್ಟಿ ನೋಡೋಕೆ ನಮ್ಮದೇ ಅನ್ನಿಸುತ್ತದೆ, ಒಳಗೆ ಹಂದಿಮಾಂಸದ ಚೂರು ಇರಬಹುದು. ತರಕಾರಿ ಸೂಪಿಗೂ ಮಾಂಸ ಬೇಯಿಸಿದ ನೀರು ಹಾಕಿರಬಹುದು. ಕರಗಿಸಿದ ಚೀಸಿಗೆ ಬ್ರೆಡ್ಡು ಅದ್ದಿ ತಿನ್ನುವ ಫೊಂಡ್ಯೂಗೆ ಚೀಸಿನ ಜೊತೆ ವೈನ್ ಬೀಳುತ್ತದೆ. ನಿನಗೆ ಖುಷಿ, ಅಮ್ಮನಿಗೆ ಹೇಳಿಬಿಡು.

ರೂಮಿನಲ್ಲಿ ಕೆಟಲ್ ಇದೆಯಾ ಅಂತಲೂ ಕೇಳು, ಎಲ್ಲ ಕಡೆ ಇರುವುದಿಲ್ಲ. ಇದ್ದರೆ ಅಮ್ಮನ ಅರ್ಧ ಚಿಂತೆ ಹೋಯಿತು. ಗೊಜ್ಜವಲಕ್ಕಿ ಪುಡಿ ಕಟ್ಟಿಸಿಕೊಂಡು ಬಾ, ಬಿಸಿನೀರು ಹಾಕಿ ಮುಚ್ಚಿಟ್ಟರೆ ಆಯಿತು. ಕುಕ್ಕರ್, ಇಂಡಕ್ಷನ್ ಒಲೆ ತರುವ ಯೋಚನೆ ಬಿಡು. ರೂಮಿನಲ್ಲಿ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಾಂ ಹೊಡೆದುಕೊಂಡು ಇಡೀ ಹೋಟೆಲ್ ಅಂಗಳಕ್ಕೆ ಬಂದು ನಿಲ್ಲುತ್ತದೆ. ತುಪ್ಪದ ಡಬ್ಬಿಯೂ ಬೇಡ. ಹಾಲಿನ ಪದಾರ್ಥವನ್ನು ನಮ್ಮ ದೇಶದಿಂದ ಇಲ್ಲಿಗೆ ತರುವ ಹಾಗಿಲ್ಲ. ಕುಡಿಯೋಕೆ ನಲ್ಲಿ ನೀರೇ ಸಾಕು, ಬಾಟಲಿಗೆ ದುಡ್ಡು ಸುರಿಯಬೇಡ.

ಪ್ಲಗ್ಗಿನದು ಸಣ್ಣ ವಿಷಯ, ಆದರೆ ಎಲ್ಲರೂ ಎಡವುವುದು ಅಲ್ಲೇ. ಇಲ್ಲಿನ ಸಾಕೆಟ್ಟಿಗೆ ಮೂರು ತೂತು, ಆರು ಮೂಲೆಯ ಗುಂಡಿಯೊಳಗೆ ಕೂತಿರುತ್ತವೆ. ನಮ್ಮ ಫೋನ್ ಚಾರ್ಜರಿನ ಎರಡು ತೆಳು ಕಡ್ಡಿ ಸಲೀಸಾಗಿ ಹೋಗುತ್ತವೆ. ಮೂರು ಕಡ್ಡಿಯ ಲ್ಯಾಪ್‌ಟಾಪ್ ಪ್ಲಗ್ ಹೋಗುವುದಿಲ್ಲ. ಏರ್‌ಪೋರ್ಟಿನಲ್ಲಿ ಮಾರುವ ದಪ್ಪ ಅಡಾಪ್ಟರ್ ಎಷ್ಟೋ ಸಲ ಆ ಗುಂಡಿಯೊಳಗೆ ಇಳಿಯುವುದೇ ಇಲ್ಲ. ಸ್ವಿಸ್ ಅಂತಲೇ ಬರೆದದ್ದನ್ನು ತಗೋ.

ಬಿಲ್ಲಿನಲ್ಲಿ ಕೊನೆಗೆ ಕುರ್‌ಟಾಕ್ಸೆ ಅಂತ ತಲೆಗಿಷ್ಟು, ರಾತ್ರಿಗಿಷ್ಟು ಸೇರಿದರೆ ಜಗಳ ಮಾಡಬೇಡ, ಅದು ಊರಿನ ತೆರಿಗೆ. ವೀಸಾಗೆ ತೋರಿಸುವ ಬುಕಿಂಗು ಕ್ಯಾನ್ಸಲ್ ಮಾಡುವಂಥದ್ದಿರಲಿ.

ಮೇಲೆ ಯುಂಗ್‌ಫ್ರೌಯೋಖ್‌ಗೆ ಹೋಗುವ ಆಸೆ ಇದೆ ಅಂದೆಯಲ್ಲ, ಆ ಹಿಮದ ಬೆಟ್ಟದ ಸ್ಟೇಷನ್ 3,454 ಮೀಟರ್ ಎತ್ತರದಲ್ಲಿದೆ. ಅಮ್ಮನ ಬಿಪಿ ಡಾಕ್ಟರನ್ನು ಕೇಳದೆ ಟಿಕೆಟ್ ತೆಗೆಯಬೇಡ. ಹೋಗುವ ದಿನ ಬೆಳಗ್ಗೆ ಟೀವಿ ಹಾಕು. ಒಂದು ಚಾನೆಲ್ಲಿನಲ್ಲಿ ಬೆಟ್ಟದ ತುದಿಗಳ ಕ್ಯಾಮೆರಾ ಮೆಲ್ಲಗೆ ತಿರುಗುತ್ತಿರುತ್ತದೆ. ತೆರೆ ತುಂಬ ಬರೀ ಬಿಳಿ ಕಂಡರೆ ಮತ್ತೆ ಹೊದ್ದು ಮಲಗು. ಅಂದಹಾಗೆ ಡಬಲ್ ಬೆಡ್ ಅಂದರೂ ಹೊದಿಕೆ ಎರಡು ಇರುತ್ತವೆ, ರಾತ್ರಿ ಎಳೆದಾಟವಿಲ್ಲ.

ಬರುವ ದಿನ ಇಂಟರ್‌ಲಾಕೆನ್ ಓಸ್ಟ್‌ನಲ್ಲಿ ರೈಲು ಹತ್ತುವಾಗ ಬೋಗಿಯ ಮೇಲಿನ ಬೋರ್ಡು ಓದಿ ಹತ್ತು. ಅದೇ ರೈಲು ಮಧ್ಯದಲ್ಲಿ ಎರಡಾಗಿ ಒಂದು ತುಂಡು ಗ್ರಿಂಡೆಲ್‌ವಾಲ್ಡ್‌ಗೆ, ಇನ್ನೊಂದು ಲೌಟರ್‌ಬ್ರುನ್ನೆನ್‌ಗೆ ಹೋಗುತ್ತದೆ. ಅಮ್ಮ ಒಂದರಲ್ಲಿ, ಲಗೇಜು ಇನ್ನೊಂದರಲ್ಲಿ ಆಗುವುದು ಬೇಡ.

ಹೋಟೆಲಿನವರ ಉತ್ತರ ಬಂದ ಮೇಲೆ ನನಗೆ ಕಳಿಸು, ನೋಡಿ ಹೇಳುತ್ತೇನೆ. ಅಲ್ಲಿವರೆಗೆ ದುಡ್ಡು ಕಟ್ಟಬೇಡ. ಬರುವಾಗ ದಾವಣಗೆರೆ ಮಂಡಕ್ಕಿ ಒಂದು ದೊಡ್ಡ ಚೀಲ ಇರಲಿ. ತೂಕ ಜಾಸ್ತಿ ಅಂತ ನೆಪ ಹೇಳಬೇಡ, ಮಂಡಕ್ಕಿಗೆ ತೂಕ ಎಲ್ಲಿದೆ?

ನಿನ್ನ,
ಚಕ್ರ ಕಳಕೊಂಡ ಗೆಳೆಯ