ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ಪೋಷಕರಿಗೆ: ಶನಿವಾರದ ಬರವಣಿಗೆ ತರಗತಿಯ ಕುರಿತು

ಮಾನ್ಯ ಪೋಷಕರೇ,

ಮಧ್ಯವಾರ್ಷಿಕ ಪರೀಕ್ಷೆಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಒಟ್ಟು ಶೇ 60ಕ್ಕಿಂತ ಕಡಿಮೆ ಅಂಕ ಬಂದವರು ಶನಿವಾರ ಮಧ್ಯಾಹ್ನದ ಬರವಣಿಗೆ ತರಗತಿಗೆ (ಉತ್ತರಗಳನ್ನು ಹಂತಹಂತವಾಗಿ ಬರೆಯುವ ಅಭ್ಯಾಸಕ್ಕೆ) ಕಡ್ಡಾಯವಾಗಿ ಬರಬೇಕೆಂಬ ಸೂಚನೆಗೆ ನಿಮ್ಮಲ್ಲಿ ಕೆಲವರು ಆಕ್ಷೇಪ ಸಲ್ಲಿಸಿದ್ದೀರಿ. ಕೋಚಿಂಗ್‌ನ ಮಾಕ್ ಟೆಸ್ಟ್‌ಗಳಲ್ಲಿ ಸದಾ ಮುಂದಿರುವ ಮಗನನ್ನು ಹಿಂದುಳಿದವರ ಸಾಲಿನಲ್ಲಿ ಕೂರಿಸುವುದು ಅವಮಾನವಲ್ಲವೇ ಎಂದು ಒಬ್ಬ ತಾಯಿ ಕೇಳಿದ್ದಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಈ ಮಕ್ಕಳು ದಡ್ಡರಲ್ಲವೆಂಬುದು ನಮ್ಮ ಉಪನ್ಯಾಸಕರಿಗೂ ಚೆನ್ನಾಗಿ ಗೊತ್ತು. ಬಲ್ಲ ಮಕ್ಕಳೇ ಅಂಕ ಕಳೆದುಕೊಳ್ಳುತ್ತಿರುವುದರಿಂದಲೇ ಈ ತರಗತಿ ಬೇಕಾಯಿತು.

ಪ್ರವೇಶ ಪರೀಕ್ಷೆಯ ರ‍್ಯಾಂಕ್ ಚೆನ್ನಾಗಿದ್ದರೆ ಪಿಯು ಅಂಕವನ್ನು ಯಾರೂ ನೋಡುವುದಿಲ್ಲ ಎಂಬ ನಿಮ್ಮಲ್ಲಿ ಕೆಲವರ ವಾದ ವೈದ್ಯಕೀಯ ಸೀಟಿನ ಮಟ್ಟಿಗೆ ಬಹುಪಾಲು ಸರಿ. ಅಲ್ಲಿ ರ‍್ಯಾಂಕ್ ನಿರ್ಧರಿಸುವುದು ರಾಷ್ಟ್ರಮಟ್ಟದ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್. ಆದರೂ ಸಾಮಾನ್ಯ ವರ್ಗದವರಿಗೆ ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇ 50 ಇರಲೇಬೇಕು.

ಎಂಜಿನಿಯರಿಂಗ್ ಸೀಟಿನ ಲೆಕ್ಕ ಬೇರೆ; ಅದಕ್ಕೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿ ಇದೆ. ಸಿಇಟಿ ರ‍್ಯಾಂಕ್‌ನಲ್ಲಿ ಅರ್ಧ ಪಾಲು ಪಿಯು ಅಂಕದ್ದು, ಅರ್ಧ ಪಾಲು ಸಿಇಟಿಯದ್ದು. ಸಿಇಟಿಯ 180ರಲ್ಲಿ 150 ಅಂಕ ಗಳಿಸಿ ಪಿಯು ಪರೀಕ್ಷೆಯ ಈ ಮೂರು ವಿಷಯಗಳಲ್ಲಿ ಶೇ 60 ಪಡೆದವರ ಸರಾಸರಿ ಸುಮಾರು ಶೇ 71.7, ಸಿಇಟಿಯಲ್ಲಿ 120 ಮಾತ್ರ ಬಂದು ಪಿಯುವಿನಲ್ಲಿ ಶೇ 95 ಇದ್ದವರದು ಶೇ 80.8. ಮೂವತ್ತು ಪ್ರಶ್ನೆ ಹೆಚ್ಚು ಸರಿಮಾಡಿದ ಜಾಣನೇ ಇಲ್ಲಿ ಹಿಂದೆ ಬೀಳುತ್ತಾನೆ. ಮನೆಯ ಹಿರಿಯ ಮಗನಿಗೆ 2021ರಲ್ಲಿ ಸಿಇಟಿಯೊಂದರಿಂದಲೇ ರ‍್ಯಾಂಕ್ ಬಂದದ್ದನ್ನು ಕೆಲವರು ನೆನಪಿಸಿದ್ದೀರಿ. ಆ ವರ್ಷ ಕೋವಿಡ್‌ನಿಂದ ಪಿಯು ಪರೀಕ್ಷೆಯೇ ರದ್ದಾಗಿತ್ತು. ಅದನ್ನು ನಂಬಿ ಕೂರುವಂತಿಲ್ಲ. ಇನ್ನು ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಸಂಸ್ಥೆಯಾದ ಸುರತ್ಕಲ್‌ನ ಎನ್‌ಐಟಿಕೆಯ ಕನಸು ಕಾಣದ ಮನೆ ನಮ್ಮಲ್ಲಿ ಕಡಿಮೆ. ಅಲ್ಲಿ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್ ರ‍್ಯಾಂಕ್ ಎಷ್ಟೇ ಮೇಲಿದ್ದರೂ ಸಾಮಾನ್ಯ ವರ್ಗದ ವಿದ್ಯಾರ್ಥಿಗೆ ಪಿಯುವಿನಲ್ಲಿ ಶೇ 75 ಇರಬೇಕು, ಇಲ್ಲವೇ ಆತ ತನ್ನ ಮಂಡಳಿಯ ಮೇಲಿನ 20 ಪರ್ಸೆಂಟೈಲ್‌ನೊಳಗಿರಬೇಕು, ಅಂದರೆ ಮಂಡಳಿಯಲ್ಲಿ ಅಂಕಗಳಲ್ಲಿ ಮುಂದಿರುವ ಶೇ 20 ಮಂದಿಯಲ್ಲಿ ಒಬ್ಬನಾಗಿರಬೇಕು.

ಇದರಿಂದ ಕೋಚಿಂಗ್ ಬೇಡವೆಂದು ನಾನು ಹೇಳುತ್ತಿಲ್ಲ. ಮಾಕ್ ಟೆಸ್ಟ್‌ನ ಅಂಕ ಸುಳ್ಳೆಂದೂ ಅಲ್ಲ. ನಾಲ್ಕು ಆಯ್ಕೆಗಳಲ್ಲಿ ಸರಿಯಾದುದನ್ನು ಕ್ಷಣದಲ್ಲಿ ಗುರುತಿಸುವ ಹುಡುಗ ಐದು ಅಂಕದ ಪ್ರಶ್ನೆಗೆ ಎರಡು ಸಾಲು ಗೀಚಿ, ಚಿತ್ರ ಬಿಡಿಸದೆ, ನಡುವಿನ ಹಂತಗಳನ್ನು ಹಾರಿಸಿ, ಮಾನಗಳನ್ನೂ ಬರೆಯದೆ ಉತ್ತರಕ್ಕೆ ಬಂದುಬಿಡುತ್ತಾನೆ. ಮೌಲ್ಯಮಾಪಕರು ಅಂಕ ಕೊಡುವುದು ಹಂತಗಳಿಗೆ. ಅವನ ತಲೆಯೊಳಗಿನದು ಅವರಿಗೆ ಕಾಣುವುದಿಲ್ಲ. ಭೌತ ಮತ್ತು ರಸಾಯನಶಾಸ್ತ್ರಗಳ ತಲಾ 30 ಪ್ರಾಯೋಗಿಕ ಅಂಕಗಳಂತೂ ಲ್ಯಾಬಿಗೆ ಬಾರದೆ ಸಿಗುವಂಥವಲ್ಲ. ಲ್ಯಾಬಿನ ದಿನವೇ ಜ್ವರ ಬರುವ ಪರಿಪಾಠ ಈ ವರ್ಷ ಸ್ವಲ್ಪ ಹೆಚ್ಚಾಗಿದೆ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಹಾಗಾಗಿ ಶನಿವಾರದ ತರಗತಿಯಿಂದ ಯಾರಿಗೂ ವಿನಾಯಿತಿ ಇರುವುದಿಲ್ಲ. ಇದು ಶಿಕ್ಷೆಯಲ್ಲ, ಹಿಂದುಳಿದವರ ಸಾಲೂ ಅಲ್ಲ. ಆ ಹೆಸರಿನಿಂದ ಯಾರಾದರೂ ಕರೆದದ್ದು ನನ್ನ ಗಮನಕ್ಕೆ ಬಂದರೆ ಸುಮ್ಮನಿರುವುದಿಲ್ಲ. ಮುಂದಿನ ಕಿರುಪರೀಕ್ಷೆಯಲ್ಲಿ ಶೇ 60 ದಾಟಿದವರು ಮರುವಾರದಿಂದ ಬರಬೇಕಾಗಿಲ್ಲ. ಮೂಲ್ಕಿ, ಬಿ.ಸಿ.ರೋಡ್ ಕಡೆಯವರ ಬಸ್ಸಿನ ತೊಂದರೆಯನ್ನೂ ಸಂಜೆ ಕೋಚಿಂಗ್‌ಗೆ ಹೋಗುವವರ ಅವಸರವನ್ನೂ ಗಮನಿಸಿ ತರಗತಿಯನ್ನು ಮೂರೂವರೆಗೇ ಮುಗಿಸುತ್ತೇವೆ. ಸಮಯದಲ್ಲಿ ಇಷ್ಟು ಹೊಂದಿಸಿಕೊಳ್ಳಬಹುದು, ಹಾಜರಾತಿಯಲ್ಲಿ ಆಗದು.

ಇದರೊಂದಿಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಸೋಮವಾರದೊಳಗೆ ತರಗತಿ ಉಪನ್ಯಾಸಕರಿಗೆ ತಲುಪಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಪ್ರಾಂಶುಪಾಲರು
ಮಂಗಳೂರು